ಬೀದರ್‌ಗೆ ಅಮ್ಮ, ಮಗನ ಜೊತೆ: ಅರ್ಧ ದಿನ ಸಾಕಾ, ಮೂರ್ನಾಲ್ಕು ದಿನ ಬೇಕಾ?

ಕುಕ್ಕರಹಳ್ಳಿ:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಡಿಸೆಂಬರ್ ರಜೆಗೆ ಈ ಸಲ ಬೀದರ್ ಎಂದುಕೊಂಡಿದ್ದೇವೆ. ಕಾರಣ ನಮ್ಮಮ್ಮ. ಅವರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಬಸವಕಲ್ಯಾಣ ನೋಡಬೇಕು ಎಂದು ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದಾರೆ. "ವರ್ಷಗಟ್ಟಲೆ ಕಲ್ಯಾಣದ ಪಾಠ ಮಾಡಿದೆ, ಊರು ಮಾತ್ರ ಕಂಡಿಲ್ಲ" ಎನ್ನುತ್ತಾರೆ. ಅಷ್ಟು ದೂರ ಹೋಗುವುದಾದರೆ ಬೀದರ್‌ನಲ್ಲೇ ರೂಮು ಮಾಡಿ, ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ನೋಡಿ ಬರೋಣ ಎಂದು ನನ್ನ ಲೆಕ್ಕ.

ಈಗ ತೊಡಕುಗಳು. ಅಮ್ಮನಿಗೆ ಮಂಡಿ ನೋವು. ಸಮತಟ್ಟು ಇದ್ದರೆ ನಿಧಾನವಾಗಿ ಎಷ್ಟು ದೂರವಾದರೂ ನಡೆಯುತ್ತಾರೆ. ಮೆಟ್ಟಿಲು ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ಮಗ ಎಂಟನೇ ಕ್ಲಾಸು. ಹೋದ ವರ್ಷ ಒಂದು ಪ್ಯಾಕೇಜ್ ಟೂರಿನಲ್ಲಿ ವಿಜಯಪುರ ನೋಡಿ ಬಂದೆವು. ಬೆಳಿಗ್ಗೆಯಿಂದ ಸಂಜೆವರೆಗೆ ಗೈಡು ಬರೀ ಇಸವಿ ಹೇಳುತ್ತಾ ಓಡಿಸಿದ. ಅವತ್ತಿನಿಂದ ನನ್ನ ಮಗನಿಗೆ ಗುಮ್ಮಟ ಎಂದರೆ ಆಗುವುದಿಲ್ಲ. "ಅಲ್ಲೂ ಗೋರಿ ತಾನೇ?" ಎಂದು ಈಗಲೇ ಮುಖ ಗಂಟು ಹಾಕಿದ್ದಾನೆ. ಅವನಿಗೆ ವಿಮಾನ, ಪಂಪು, ಮೋಟಾರು ಇಂಥವೇ ಇಷ್ಟ. ಯಜಮಾನರಿಗೆ ರಜೆ ಇಲ್ಲ, ಬರುತ್ತಿಲ್ಲ. ಬರದಿದ್ದರೂ ಸಲಹೆ ಕೊಡುವುದು ಬಿಟ್ಟಿಲ್ಲ. ಹೈದರಾಬಾದ್‌ನಲ್ಲಿ ಉಳಿದುಕೊಂಡು ಒಂದು ದಿನ ಕಾರಿನಲ್ಲಿ ಹೋಗಿ ಬಂದುಬಿಡಿ ಅನ್ನುತ್ತಿದ್ದಾರೆ.

ಬೀದರ್‌ಗೆ ಎಷ್ಟು ದಿನ ಇಟ್ಟುಕೊಳ್ಳಲಿ? ಅಮ್ಮನಿಗೆ ಆಗುವಂಥ ಜಾಗ ಯಾವುವು? ಸುತ್ತಲಿನ ಹಳ್ಳಿ ಕಡೆ ಏನಾದರೂ ಇದೆಯಾ? ಖಾರ ಜಾಸ್ತಿ ತಿನ್ನದವರಿಗೆ ಊಟ ಹೇಗೆ? ಆಮೇಲೆ ಎದೆಮಟ್ಟ ನೀರಿನಲ್ಲಿ ನಡೆದು ಹೋಗುವ ನರಸಿಂಹನ ಗುಹೆಯ ವಿಡಿಯೋ ನೋಡಿದೆ. ಅಮ್ಮನಿಗೂ ಆಸೆ ಬಂದಿದೆ, ನನಗೆ ಹೆದರಿಕೆ. ಗೊತ್ತಿರುವವರು ಹೇಳಿ.

ಬೇಗಂಪೇಟೆ:

ನಿಮ್ಮ ಯಜಮಾನರು ಹೇಳಿದ್ದು ಸರಿ ಇದೆ ಮೇಡಂ. ಹೈದರಾಬಾದ್‌ನಿಂದ ಸುಮಾರು 140 ಕಿಲೋಮೀಟರ್, ರೋಡು ಚೆನ್ನಾಗಿದೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಹನ್ನೊಂದಕ್ಕೆ ಮೊದಲೇ ಕೋಟೆಯಲ್ಲಿರುತ್ತೀರಿ. ಕೋಟೆ, ಮದರಸಾ, ಗುರುದ್ವಾರ, ಅಷ್ಟೂರಿನ ಸುಲ್ತಾನರ ಗುಮ್ಮಟ ಎಲ್ಲ ನೋಡಿ ರಾತ್ರಿ ಊಟಕ್ಕೆ ವಾಪಸ್. ನಾವು ಆಫೀಸಿನವರು ಹಾಗೇ ಮಾಡಿದ್ದು. ಫೋಟೋ ಚೆನ್ನಾಗಿ ಬರುತ್ತವೆ. ಊರಿನಲ್ಲಿ ರಾತ್ರಿ ಉಳಿದು ಮಾಡುವುದೇನೂ ಇಲ್ಲ. ಕೋಟೆಯಲ್ಲಿ ರಂಗೀನ್ ಮಹಲ್‌ಗೆ ಬೀಗ ಹಾಕಿತ್ತು, ನೋಡಲು ಆಗಲಿಲ್ಲ.

ಕೆಂಪುಕಲ್ಲು:

ತಂಗಿ, ಬೇಗಂಪೇಟೆಯವರ ಲೆಕ್ಕ ಸ್ವಲ್ಪ ಬದಿಗಿಡಿ. ಅವರ ದಾರಿಯಲ್ಲಿ ಬೀದರ್ ಮುಗಿಯುತ್ತದೆ, ಆದರೆ ನೋಡಿದ ಹಾಗೆ ಆಗುವುದಿಲ್ಲ. ರಂಗೀನ್ ಮಹಲ್‌ಗೆ ಬೀಗ ಇರುತ್ತದೆ, ನಿಜ. ಕೋಟೆಯೊಳಗಿನ ಪುರಾತತ್ವ ಇಲಾಖೆ ಕಚೇರಿಯಲ್ಲಿ ಮರ್ಯಾದೆಯಿಂದ ಕೇಳಿದರೆ ಕಾವಲಿನವರು ಕೀಲಿ ತಂದು ತೆಗೆದು ತೋರಿಸುತ್ತಾರೆ. ಊಟದ ಹೊತ್ತಿಗೆ ಹೋಗಿ ಅವಸರ ಮಾಡಿದರೆ ಯಾರು ತೆಗೆಯುತ್ತಾರೆ ಹೇಳಿ?

ನಾನು ಹಳೇ ಊರಿನವನು. ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರದ ಹತ್ತಿರ ಹುಟ್ಟಿದ್ದು. ನೀರು ಸರಬರಾಜಿನ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ನನಗೆ ಬೀದರ್ ಎಂದರೆ ಮೊದಲು ನೀರು, ಆಮೇಲೆ ಸುಲ್ತಾನರು. ಪಂಪು, ಮೋಟಾರು ಇಷ್ಟಪಡುವ ನಿಮ್ಮ ಮಗನಿಗೂ ಈ ದಾರಿಯೇ ಹಿಡಿಸಬಹುದು. ಇಸವಿ ಕಡಿಮೆ ಹೇಳುತ್ತೇನೆ, ಹೆದರಬೇಡಿ ಎನ್ನಿ ಅವನಿಗೆ.

ನಮ್ಮ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಸುತ್ತ ಕಪ್ಪು ಮಣ್ಣಿನ ಬಯಲು, ನಡುವೆ ಎತ್ತರದಲ್ಲಿ ಈ ಕೆಂಪು ಹಾಸು. ಕಲ್ಲು ನೋಡಿದರೆ ಹಳೇ ಜೇನುಗೂಡಿನ ಹಾಗೆ ತೂತು ತೂತು. ಕೋಟೆ ಗೋಡೆಯಿಂದ ಬಿದ್ದಿರುವ ಒಂದು ಕಲ್ಲಿನ ಮೇಲೆ ಬಾಟಲಿ ನೀರು ಸುರಿಯಲು ಮಗನಿಗೆ ಹೇಳಿ. ನೀರು ಹರಿಯುವ ಮೊದಲೇ ಒಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇಡೀ ಊರಿಗೆ ಆಗುವುದು ಇದೇ. ನೀರು ಕೆಂಪು ಕಲ್ಲಿನೊಳಗೆ ಇಳಿಯುತ್ತದೆ, ಕೆಳಗಿನ ಗಟ್ಟಿ ಪದರ ಸಿಕ್ಕಿದಾಗ ಇಳಿಯಲು ಜಾಗವಿಲ್ಲದೆ ಅಡ್ಡ ಹರಿಯುತ್ತದೆ. ಹಾಸಿನ ಅಂಚಿಗೆ ಬಂದಾಗ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ, ಶುಕ್ಲತೀರ್ಥ, ಎಲ್ಲವೂ ನೀರು ಹೊರಬೀಳುವ ಜಾಗಗಳೇ. ಒಂದು ಕಡೆ ಸಿಖ್ಖರು ಕೈಮುಗಿಯುತ್ತಾರೆ, ಒಂದು ಕಡೆ ನರಸಿಂಹನ ಭಕ್ತರು, ಒಂದು ಕಡೆ ಶಿವನ ಭಕ್ತರು. ಕಲ್ಲು ಒಂದೇ, ನೀರೂ ಒಂದೇ.

ಬಹಮನಿ ಸುಲ್ತಾನ ಒಂದನೇ ಅಹಮದ್ ಶಾ ಕಲಬುರಗಿ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದದ್ದು 15ನೇ ಶತಮಾನದಲ್ಲಿ. ಯಾಕೆ ತಂದ ಎಂಬುದಕ್ಕೆ ನಾಯಿ ಅಟ್ಟಿಸಿದ ನರಿ ತಿರುಗಿ ನಿಂತಿತು ಎಂಬ ಥರದ ಕಥೆ ಗೈಡುಗಳು ಹೇಳುತ್ತಾರೆ. ಇಂಥ ಕಥೆ ಎಷ್ಟೋ ಊರುಗಳಿಗಿದೆ, ನಗಾಡಿ ಬಿಡಿ. ಎತ್ತರದ ಜಾಗ, ಕೈಗೆ ಸಿಗುವ ನೀರು, ಕೊಡಲಿಯಂಥ ಹತಾರಕ್ಕೂ ಬಗ್ಗುವ ಕಲ್ಲು. ಕೋಟೆ ಕಟ್ಟುವವನಿಗೆ ಇನ್ನೇನು ಬೇಕು?

ಅವರು ಝರಿ ಬರುವ ತನಕ ಕಾದು ಕೂರಲಿಲ್ಲ. ಪರ್ಷಿಯಾ ಕಡೆಯ ವಿದ್ಯೆ ತಂದು ನೆಲದೊಳಗೆ ಸುರಂಗ ಕೊರೆದರು. ಇದಕ್ಕೆ ಕರೇಜ್ ಎನ್ನುತ್ತಾರೆ. ನಮ್ಮ ಜನ ಹೇಳುವುದು ಸುರಂಗ ಬಾವಿ. ಮೇಲ್ಗಡೆ ಒಂದು ತಾಯಿ ಬಾವಿ. ಅಲ್ಲಿಂದ ಸುರಂಗ ಒಂದು ಚೂರು ಇಳಿಜಾರಿನಲ್ಲಿ ಸಾಗುತ್ತದೆ. ಅಲ್ಲಲ್ಲಿ ಮೇಲಿಂದ ನೇರವಾಗಿ ಇಳಿಸಿದ ಬಾವಿಗಳಿವೆ. ಅಗೆಯುವಾಗ ಮಣ್ಣು ಎತ್ತಿದ್ದು ಅದರಿಂದಲೇ, ಒಳಗಿನವರಿಗೆ ಗಾಳಿ ಬಂದದ್ದೂ ಅದರಿಂದಲೇ. ಮೋಟಾರಿಲ್ಲ, ಕರೆಂಟಿಲ್ಲ, ಬಿಸಿಲಿಗೆ ಆರುವುದೂ ಇಲ್ಲ. ಇಳಿಜಾರು ಜಾಸ್ತಿಯಾದರೆ ನೀರು ಮಣ್ಣು ಕೊರೆಯುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ಆ ಅಳತೆ ಹಿಡಿಯುವುದೇ ಕಷ್ಟ. ಕೆಲಸದಲ್ಲಿದ್ದಾಗ ಪೈಪು ಹಾಕಿಸಿ ನೋಡಿದವನು ನಾನು, ಲೆವೆಲ್ಲಿನ ಯಂತ್ರ ಕೈಯಲ್ಲಿದ್ದರೂ ಜಗಳ ತಪ್ಪುವುದಿಲ್ಲ.

ನೌಬಾದ್ ಕಡೆಯ ಕರೇಜ್ ಸುಮಾರು 3 ಕಿಲೋಮೀಟರ್ ಉದ್ದ. ಬಹಳ ಕಾಲ ಹೂಳು, ಕಸ ತುಂಬಿಕೊಂಡಿತ್ತು. 2014ರಲ್ಲಿ ಬೀದರ್‌ನ ಐತಿಹಾಸಿಕ ತಾಣಗಳು ಅಪಾಯದಲ್ಲಿರುವ ಸ್ಮಾರಕಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದವು. ಆ ಹೊತ್ತಿನಲ್ಲೇ ಜಿಲ್ಲಾಡಳಿತ ಹೂಳು ತೆಗೆಸುವ ಕೆಲಸ ಹಿಡಿಯಿತು. ನೀವು ಮೇಲಿನ ಬಾವಿಗಳ ಸಾಲನ್ನು ನೋಡಿ, ಸಾಕು. ಬಾಗಿ ನೋಡಿದರೆ ಕೆಳಗೆ ನೀರು ಕಾಣುವುದೂ ಉಂಟು. ಮಗನ ಕೈ ಹಿಡಿದುಕೊಳ್ಳಿ. ಯಾರಾದರೂ ಒಳಗೆ ಇಳಿಸುತ್ತೇನೆ ಎಂದರೆ ಒಪ್ಪಬೇಡಿ, ಪರವಾನಗಿ ಇಲ್ಲದೆ ಇಳಿಯುವ ಜಾಗವಲ್ಲ.

ಕೋಟೆಯಲ್ಲೂ ನೀರಿನ ಜಾಡು ಹಿಡಿದೇ ನಡೆಯಿರಿ. ಊರ ಕಡೆಯ ಬಾಗಿಲಲ್ಲಿ ಕಂದಕ ಮೂರು ಸಾಲು. ಕಟ್ಟಿದ್ದಲ್ಲ, ಬಂಡೆಯನ್ನೇ ಕಡಿದು ತೆಗೆದದ್ದು. ನಡುವೆ ಬಿಟ್ಟ ಗೋಡೆಗಳೂ ಹುಟ್ಟಾ ಬಂಡೆಯೇ. ಕಡಿದು ತೆಗೆದ ಕಲ್ಲು ಎಲ್ಲಿಗೆ ಹೋಯಿತು ಎಂದು ಮಗನನ್ನು ಕೇಳಿ. ತಲೆ ಎತ್ತಿ ಕೋಟೆ ಗೋಡೆ ನೋಡಿದರೆ ಉತ್ತರ ಸಿಗುತ್ತದೆ. ಶರ್ಜಾ ದರವಾಜಾ, ಗುಂಬದ್ ದರವಾಜಾ ದಾಟಿ ಕಾರು ಒಳಗೇ ಹೋಗುತ್ತದೆ, ಆದ್ದರಿಂದ ಅಮ್ಮನವರಿಗೆ ತ್ರಾಸವಿಲ್ಲ. ಸೋಲಾ ಖಂಬ ಮಸೀದಿಯ ಮುಂದೆ ಲಾಲ್ ಬಾಗ್ ಇದೆ, ನಡುವೆ ನೀರಿನ ಕಾಲುವೆ, ಕಾರಂಜಿ ಕೊಳ. ಅಲ್ಲಿ ಮರದ ನೆರಳಿನಲ್ಲಿ ಅಮ್ಮನವರು ಕೂರಲಿ. ನೀವಿಬ್ಬರೂ ಗಗನ್ ಮಹಲ್, ತರ್ಕಶ್ ಮಹಲ್ ಹತ್ತಿ ಇಳಿದು ಬನ್ನಿ. ರಂಗೀನ್ ಮಹಲ್ ಮಾತ್ರ ಅಮ್ಮನವರಿಗೂ ತೋರಿಸಿ. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ. ಮೊಬೈಲ್ ಟಾರ್ಚು ಅಡ್ಡಕ್ಕೆ ಹಿಡಿದರೆ ಹೊಳೆಯುತ್ತದೆ. ಈಗಿರುವ ರೂಪ ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಅಲಿ ಬರೀದ್‌ನ ಕಾಲದ್ದು, ಅಂದರೆ 16ನೇ ಶತಮಾನ. ಆಮೇಲೆ ಕೋಟೆಯ ಹಿಂದಿನ ಬುರುಜುಗಳ ಕಡೆ ಹೋಗಿ. ಮುಂಡಾ ಬುರುಜಿನ ಮೇಲೆ ದೊಡ್ಡ ತೋಪು ಇದೆ. ಅಲ್ಲಿಂದ ಕೆಳಗಿನ ಬಯಲು ಪೂರ್ತಿ ಕಾಣುತ್ತದೆ. ಕೆಂಪು ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ವಿಮಾನದ ಮಾತು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ್ ವಿಮಾನ ತಂಡದ ಮನೆಯೂ ಇಲ್ಲೇ. ಯಾವ ದಿನ ಹಾರುತ್ತಾರೆ ಎಂದು ನಮಗೆ ಯಾರೂ ಹೇಳಿ ಕಳಿಸುವುದಿಲ್ಲ, ಬೆಳಿಗ್ಗೆ ಸದ್ದಾದರೆ ಮೇಲೆ ನೋಡುತ್ತೇವೆ, ಅಷ್ಟೇ. ನಿಮ್ಮ ಮಗನ ಅದೃಷ್ಟ ಚೆನ್ನಾಗಿದ್ದರೆ ಕೋಟೆಯ ಮೇಲಿಂದಲೇ ಕಾಣಬಹುದು.

ಮದರಸಾ ಒಂದನ್ನು ಸಾಯಂಕಾಲ ನೋಡಿ. ಮಹಮೂದ್ ಗವಾನ್ ಇರಾನಿನ ಗೀಲಾನ್ ಕಡೆಯವನು, ವ್ಯಾಪಾರಕ್ಕೆ ಬಂದು ಬಹಮನಿಗಳ ಮಂತ್ರಿಯಾದವನು. 1472ರಲ್ಲಿ ಈ ವಿದ್ಯಾಲಯ ಕಟ್ಟಿಸಿದ. ಮೂರು ಅಂತಸ್ತು. ಎರಡು ಮಿನಾರಿನಲ್ಲಿ ಒಂದು ಉಳಿದಿದೆ. ಅದರ ಮೇಲೆ ನೀಲಿ, ಬಿಳಿ, ಹಳದಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಔರಂಗಜೇಬನ ಕಾಲದಲ್ಲಿ ಒಳಗೆ ಮದ್ದು ತುಂಬಿಟ್ಟಿದ್ದರು, ಅದು ಸಿಡಿದು ಒಂದು ಭಾಗ ಹಾಳಾಯಿತು. ವಿದ್ಯಾಲಯದಲ್ಲಿ ಮದ್ದು ಇಟ್ಟವರ ಬುದ್ಧಿಗೆ ಏನನ್ನಬೇಕೋ! ಗವಾನನ ಕಥೆಯೂ ಒಳ್ಳೆಯದಾಗಿ ಮುಗಿಯಲಿಲ್ಲ. ಆಗದವರು ಅವನ ಮೊಹರು ಒತ್ತಿದ ಕಳ್ಳ ಪತ್ರ ಸೃಷ್ಟಿಸಿದರು. ಸುಲ್ತಾನ ಅದನ್ನು ನಂಬಿ 1481ರಲ್ಲಿ ತಲೆ ತೆಗೆಸಿದ. ಅಲ್ಲಿಂದ ಮುಂದೆ ಬಹಮನಿ ರಾಜ್ಯವೂ ಹೆಚ್ಚು ಕಾಲ ಒಟ್ಟಾಗಿ ಉಳಿಯಲಿಲ್ಲ.

ಇನ್ನು ಅಷ್ಟೂರು. ಗೋರಿ ಎಂದು ಮಗ ಗೊಣಗಿದರೂ ಬಿಡಬೇಡಿ. ಅವನಿಗೆ ಬಹಮನಿ ಸುಲ್ತಾನ ಹುಮಾಯೂನ್ ಶಾನ ಗುಮ್ಮಟ ತೋರಿಸಿ. ಸಿಡಿಲು ಬಡಿದು ಅರ್ಧ ಉದುರಿ, ಅರ್ಧ ನಿಂತಿದೆ. ಗುಮ್ಮಟವನ್ನು ಒಳಗೆ ಹೇಗೆ ಕಟ್ಟುತ್ತಾರೆ, ಗೋಡೆ ಎಷ್ಟು ದಪ್ಪ, ಎಲ್ಲ ಕೊಯ್ದಿಟ್ಟ ಹಾಗೆ ಕಾಣುತ್ತದೆ. ಯಾವ ಪುಸ್ತಕದ ಚಿತ್ರಕ್ಕಿಂತ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಮ್ಮನವರನ್ನು ರಾಜಧಾನಿ ಇಲ್ಲಿಗೆ ತಂದ ಅದೇ ಅಹಮದ್ ಶಾ ವಲಿಯ ಗುಮ್ಮಟದೊಳಗೆ ಕರೆದುಕೊಂಡು ಹೋಗಿ. ಕತ್ತಲೆ ಇರುತ್ತದೆ, ಅಲ್ಲಿರುವ ಸೇವಕರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಡುತ್ತಾರೆ. ಗೋಡೆ, ಛಾವಣಿ ತುಂಬಾ ಕೆಂಪು, ನೀಲಿ, ಬಂಗಾರದ ಬಣ್ಣದ ಚಿತ್ತಾರ. ಈ ಸುಲ್ತಾನ ತೀರಿಹೋದದ್ದು 1436ರಲ್ಲಿ. ಇವತ್ತಿಗೂ ಇವನ ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಲಿಂಗಾಯತರು ಇವನನ್ನು ಅಲ್ಲಮಪ್ರಭುವಿನ ಅವತಾರ ಎಂದು ನಡೆದುಕೊಳ್ಳುತ್ತಾರೆ. ಕನ್ನಡ ಪಾಠ ಮಾಡಿದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಅಲ್ಲಿನ ಜನರ ಹತ್ತಿರ ಅವರೇ ಮಾತಾಡಲಿ.

ಎಷ್ಟು ದಿನ ಎಂದಿರಿ. ಊರಿಗೆ ಎರಡು ದಿನ ಇಡಿ. ಬಸವಕಲ್ಯಾಣ ಹುಮನಾಬಾದ್ ಕಡೆಗೆ ಒಂದು ಪೂರ್ತಿ ದಿನ. ಇನ್ನೊಂದು ದಿನ ಏನೂ ಗೊತ್ತುಮಾಡದೆ ಖಾಲಿ ಬಿಡಿ. ಅಮ್ಮನವರ ಮಂಡಿಗೂ ಬೇಕು, ನಮ್ಮೂರಿಗೂ ಬೇಕು.

ಹಳ್ಳಿಖೇಡದವಳು:

ಕೆಂಪುಕಲ್ಲು ಕಾಕಾ ಊರಿನದೆಲ್ಲ ಹೇಳಿದ್ದಾರೆ. ಹಳ್ಳಿ ಕಡೆಯದು ನಾನು ಹೇಳುತ್ತೇನೆ. ಅಕ್ಕಾ, ಟಿಕೆಟ್ ಮಾಡಿಸುವ ಮೊದಲು ಕ್ಯಾಲೆಂಡರ್‌ನಲ್ಲಿ ಎಳ್ಳ ಅಮಾವಾಸ್ಯೆ ಯಾವತ್ತು ಎಂದು ನೋಡಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತದೆ. ನಿಮ್ಮ ರಜೆಗೆ ಹೊಂದಿದರೆ ಅದಕ್ಕೇ ಬನ್ನಿ. ದಸರಾ ನಿಮಗೆ ಹೇಗೋ ಬೀದರ್ ಜಿಲ್ಲೆಗೆ ಇದು ಹಾಗೆ. ಅವತ್ತು ಊರೊಳಗೆ ಅಂಗಡಿ ತೆಗೆದಿರುವುದಿಲ್ಲ, ರಸ್ತೆ ಖಾಲಿ. ಜನ ಎಲ್ಲ ಹೊಲದಲ್ಲಿ.

ಹೊಲದಲ್ಲಿ ಜೋಳದ ದಂಟಿನಿಂದ ಕೊಂಪೆ ಮಾಡುತ್ತಾರೆ. ಒಳಗೆ ಪಾಂಡವರು ಎಂದು ಸಣ್ಣ ಕಲ್ಲು ಇಟ್ಟು ಪೂಜೆ. ಆಮೇಲೆ ಅಡುಗೆ ತೆಗೆದುಕೊಂಡು ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಎಡೆ. ಕೊನೆಗೆ ಊಟ. ಊಟ ಎಂದರೆ ಭಜ್ಜಿ. ನಿಮ್ಮ ಕಡೆಯ ಮೆಣಸಿನಕಾಯಿ ಬಜ್ಜಿ ಅಲ್ಲ ಇದು, ಎಣ್ಣೆಯಲ್ಲಿ ಕರಿಯುವುದಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆ, ಸಿಕ್ಕ ಸೊಪ್ಪು, ತರಕಾರಿ ಎಲ್ಲ ಹಾಕಿ ಹುಳಿ ಬಿಟ್ಟು ಕುದಿಸಿ ಕಡೆದದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕುಡಿಯಲು ಜೋಳದ ಅಂಬಲಿ. ಭಜ್ಜಿಗೆ ಖಾರ ಜಾಸ್ತಿ ಹಾಕುವುದಿಲ್ಲ, ಅಮ್ಮ ಆರಾಮಾಗಿ ಊಟ ಮಾಡಬಹುದು. ಗುರುತಿಲ್ಲದವರು ಯಾರ ಹೊಲಕ್ಕೆ ಹೋಗುವುದು ಎಂದು ಯೋಚನೆ ಮಾಡಬೇಡಿ. ರಸ್ತೆ ಬದಿ ಕಾರು ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತರೂ ಕರೆದು ಕೂರಿಸುತ್ತಾರೆ. ಕರೆದ ಮೇಲೆ ಬೇಡ ಎನ್ನಬಾರದು, ಅಷ್ಟೇ. ಒಂದು ಮಾತು, ಅವತ್ತು ಡ್ರೈವರ್ ಸಿಗುವುದು ಕಷ್ಟ, ಅವನೂ ಹೊಲಕ್ಕೆ ಹೋಗಿರುತ್ತಾನೆ. ಮೊದಲೇ ಮಾತಾಡಿಕೊಂಡಿರಿ.

ಬೇರೆ ದಿನ ಬಂದರೂ ಹೊಲ ನೋಡಲು ಚೆಂದವೇ. ಡಿಸೆಂಬರ್‌ನಲ್ಲಿ ಜೋಳ ಎತ್ತರ ನಿಂತಿರುತ್ತದೆ, ತೊಗರಿ ಕೊಯ್ಲು ನಡೆದಿರುತ್ತದೆ, ಕಡಲೆ ಹಸಿರು. ಹೊನ್ನಿಕೇರಿ ಕಾಡಿನ ಕಡೆ, ಊರ ಅಂಚಿನ ಬಯಲಿನಲ್ಲಿ ಬೆಳಿಗ್ಗೆ ಬೇಗ ಹೋದರೆ ಕೃಷ್ಣಮೃಗ ಕಾಣುತ್ತವೆ. ಪ್ರವಾಸಿಗರಿಗೆ ಅವು ಚೆಂದ, ಕಡಲೆ ಬಿತ್ತಿದವರನ್ನು ಕೇಳಿ ನೋಡಿ!

ಖಾನಾವಳಿಯಲ್ಲಿ ಊಟ ಮಾಡುವಾಗ ಮೊದಲೇ "ಖಾರ ಕಡಿಮೆ" ಎಂದು ಹೇಳಿ. ಬಿಸಿ ಜೋಳದ ರೊಟ್ಟಿ, ಬೇಳೆ ಪಲ್ಯ, ಮೊಸರು, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ ಸಿಗುತ್ತದೆ. ಹಿಂಡಿ ಖಾರ ಎನ್ನಿಸಿದರೆ ಮೊಸರಿನಲ್ಲಿ ಕಲೆಸಿಕೊಳ್ಳಿ. ಗುರುದ್ವಾರದ ಲಂಗರ್‌ನಲ್ಲೂ ಒಂದು ಹೊತ್ತು ಊಟ ಮಾಡಿ. ತಲೆಗೆ ಬಟ್ಟೆ ಬೇಕು, ನೆಲದ ಮೇಲೆ ಕೂರಬೇಕು. ಕೂರಲು ಆಗದ ಹಿರಿಯರಿಗೆ ಏನಾದರೂ ಅನುಕೂಲ ಮಾಡಿಕೊಡುತ್ತಾರೆ, ಕೇಳಿ.

ಕಲ್ಯಾಣಕ್ಕೆ ಹೋಗುವ ದಿನ ಬೆಳಿಗ್ಗೆ ಬೇಗ ಹೊರಡಿ. ಬೀದರ್‌ನಿಂದ ಸುಮಾರು 80 ಕಿಲೋಮೀಟರ್. ಹುಮನಾಬಾದ್ ಮೇಲೆ ಹೋದರೆ ಜಲಸಂಗಿ ನೋಡಿಕೊಂಡು ಹೋಗಬಹುದು. ಸಣ್ಣ ಊರು, ಚಾಲುಕ್ಯರ ಕಾಲದ ಶಿವನ ಗುಡಿ. ಹೊರ ಗೋಡೆಯ ಮೇಲೆ ಸಾಲಾಗಿ ಮದನಿಕೆಯರು. ಒಬ್ಬಳು ಕೈಯಲ್ಲಿ ಲೇಖನಿ ಹಿಡಿದು ಶಾಸನ ಬರೆಯುತ್ತಿದ್ದಾಳೆ. ಬರೆದದ್ದು ಚಾಲುಕ್ಯ ದೊರೆ ವಿಕ್ರಮಾದಿತ್ಯನ ಹೊಗಳಿಕೆ. ಅಕ್ಷರ ಈಗಲೂ ಕಾಣುತ್ತವೆ. ಕಲಿಸಿದ ಕೈಗೆ ಬರೆಯುವ ಹೆಂಗಸನ್ನು ತೋರಿಸಿ, ನಿಮ್ಮಮ್ಮ ಅಲ್ಲಿಂದ ಏಳುವುದಿಲ್ಲ. ಗುಡಿ ಸುತ್ತ ಸಮತಟ್ಟು, ಮಂಡಿಗೆ ತೊಂದರೆ ಇಲ್ಲ.

ಬಸವಕಲ್ಯಾಣದಲ್ಲಿ ಒಂದು ಎಚ್ಚರಿಕೆ. ಪುಸ್ತಕದ ಕಲ್ಯಾಣವನ್ನು ಹುಡುಕಬೇಡಿ. ಈಗಿನದು ಗಲಾಟೆಯ ತಾಲ್ಲೂಕು ಪಟ್ಟಣ. 12ನೇ ಶತಮಾನದ ಅನುಭವ ಮಂಟಪ ಅಲ್ಲಿ ನಿಂತಿಲ್ಲ. ಇರುವುದು ಈಚಿನ ಕಟ್ಟಡ. ಹೊಸದಾಗಿ ದೊಡ್ಡ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದರು. 108 ಅಡಿಯ ಬಸವಣ್ಣನ ಮೂರ್ತಿ 2012ರದ್ದು. ಅದು ದೂರದಿಂದಲೇ ಕಾಣುತ್ತದೆ, ಫೋಟೋ ತೆಗೆಯಿರಿ. ಆದರೆ ಅಮ್ಮನ ಜೊತೆ ಹೊತ್ತು ಕಳೆಯಬೇಕಾದದ್ದು ತ್ರಿಪುರಾಂತಕ ಕೆರೆಯ ಬಳಿ, ಮತ್ತೆ ಗವಿಗಳಲ್ಲಿ. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಎಂದು ತೋರಿಸುತ್ತಾರೆ. ಹುಲ್ಲಿನ ಹಗ್ಗ ಹೊಸೆದು ಮಾರಿ ಜಂಗಮರಿಗೆ ಉಣಿಸಿದ ಚಂದಯ್ಯ ನಿಮ್ಮಮ್ಮನಿಗೆ ಗೊತ್ತೇ ಇರುತ್ತಾನೆ. ಊರ ಹೊರಗೆ ನಾರಾಯಣಪುರದ ಗುಡಿ ಇದೆ. ಚಾಲುಕ್ಯರ ರಾಜಧಾನಿಯ ಕೆಲಸದ ಮಟ್ಟ ಹೇಗಿತ್ತು ಎಂದು ಅಲ್ಲಿ ಗೊತ್ತಾಗುತ್ತದೆ. ಕೋಟೆ ನೋಡಲೇಬೇಕು ಎಂದೇನಿಲ್ಲ, ಮೆಟ್ಟಿಲು ಜಾಸ್ತಿ.

ಬೇಗಂಪೇಟೆ:

ಆಯ್ತು ಆಯ್ತು, ನಾನು ಸೋತೆ. ಸುರಂಗ ಬಾವಿ ಎನ್ನುವುದು ಇದೆ ಎಂದೇ ನಮ್ಮ ಡ್ರೈವರ್ ಹೇಳಿರಲಿಲ್ಲ. ಮೇಡಂ, ನೀವು ಬೆಂಗಳೂರಿಗೆ ಬಂದು ಯಶವಂತಪುರದಿಂದ ರಾತ್ರಿ ರೈಲು ಹಿಡಿಯುವುದೇ ಒಳ್ಳೆಯದು. ಬೆಳಿಗ್ಗೆ ಬೀದರ್‌ನಲ್ಲಿ ಇಳಿಯುತ್ತೀರಿ. ಹಿರಿಯರಿಗೆ ಕೆಳಗಿನ ಬರ್ತ್ ಬೇಕು ಎಂದು ಬುಕ್ ಮಾಡುವಾಗಲೇ ಹಾಕಿ. ಸ್ವೆಟರ್ ಮರೆಯಬೇಡಿ. ಡಿಸೆಂಬರ್‌ನಲ್ಲಿ ಕೆಲವು ರಾತ್ರಿ ಬೀದರ್ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಮೈಸೂರಿನ ಚಳಿ ಎಂದುಕೊಂಡು ಬಂದರೆ ನಡುಗುತ್ತೀರಿ.

ಕುಕ್ಕರಹಳ್ಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಂಪುಕಲ್ಲು ಅವರು ಬರೆದದ್ದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಜಂಗಮರು ಉರುಸಿಗೆ ಬರುವ ವಿಷಯ ಕೇಳಿ ಅವರು ಎದ್ದು ಹೋಗಿ ಕಪಾಟಿನಿಂದ ಪುಸ್ತಕ ತೆಗೆದರು. ಮಗ ನಡುವೆ ಬಂದು ಕೂತ. ತಾಯಿ ಬಾವಿಯ ಆಳ ಎಷ್ಟು, ಸುರಂಗದಲ್ಲಿ ದೊಡ್ಡವರು ನಿಂತು ನಡೆಯಬಹುದಾ, ಅಗೆಯುವಾಗ ದಿಕ್ಕು ತಪ್ಪದ ಹಾಗೆ ಹೇಗೆ ನೋಡಿಕೊಂಡರು ಎಂದೆಲ್ಲ ಕೇಳುತ್ತಿದ್ದಾನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ!

ಯಜಮಾನರು ಈಗ "ರಜೆ ಸಿಗುತ್ತಾ ನೋಡ್ತೀನಿ" ಎನ್ನುತ್ತಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ನರಸಿಂಹನ ಗುಹೆಗೆ ಅಮ್ಮನನ್ನು ಕರೆದುಕೊಂಡು ಹೋಗಲಾ, ಬೇಡವಾ? ಇನ್ನೊಂದು, ಬಿದರಿ ಸಾಮಾನು ಕೊಳ್ಳಬೇಕು. ಇಲ್ಲಿ ಎಕ್ಸಿಬಿಷನ್‌ನಲ್ಲಿ ನೋಡಿದ್ದಕ್ಕೆ ಕಡಿಮೆಯದು, ಜಾಸ್ತಿಯದು ಎಲ್ಲ ಬೆಲೆ ಇತ್ತು. ಒಳ್ಳೆಯದನ್ನು ಗುರುತು ಹಿಡಿಯುವುದು ಹೇಗೆ?

ಕೆಂಪುಕಲ್ಲು:

ಮಗನ ಮೂರನೇ ಪ್ರಶ್ನೆಗೆ ಉತ್ತರ ಮೇಲಿನ ಬಾವಿಗಳಲ್ಲೇ ಇದೆ. ನೆಲದ ಮೇಲೆ ಸಾಲು ಹಾಕಿಕೊಂಡು ಬಾವಿ ಇಳಿಸುತ್ತಾರೆ. ಆಮೇಲೆ ಒಂದು ಬಾವಿಯ ತಳದಿಂದ ಮುಂದಿನ ಬಾವಿಯ ತಳಕ್ಕೆ ಅಗೆಯುತ್ತಾರೆ. ಒಂದೊಂದೇ ತುಂಡು ಜೋಡಿಸುತ್ತಾ ಹೋಗುವುದರಿಂದ ದಾರಿ ತಪ್ಪಿದರೂ ದೂರ ಹೋಗುವುದಿಲ್ಲ. ಉಳಿದ ಎರಡನ್ನು ಬಂದು ಅವನೇ ನೋಡಲಿ.

ಝರಣಿಯ ಗುಹೆ ಉದ್ದ ಇದೆ, ಸುಮಾರು 300 ಮೀಟರ್. ನೀರು ಸೊಂಟದಿಂದ ಎದೆ ತನಕ. ಮಳೆ ಹೇಗಾಗಿದೆ ಎಂಬುದರ ಮೇಲೆ ಏರುತ್ತದೆ, ಇಳಿಯುತ್ತದೆ. ಮೇಲೆ ಬಾವಲಿ, ಕಾಲಡಿ ಜಾರು ಕಲ್ಲು, ರಜಾ ದಿನ ನೂಕುನುಗ್ಗಲು, ಒಳಗೆ ಸೆಖೆ. ನಾನು ಭಕ್ತನೇ, ಆದರೂ ಮಂಡಿ ನೋವಿನವರನ್ನು ಒಳಗೆ ಕರೆದುಕೊಂಡು ಹೋಗಿ ಎಂದು ಹೇಳುವುದಿಲ್ಲ. ಉಸಿರಾಟದ ತೊಂದರೆ, ಬಿ.ಪಿ. ಇದ್ದರಂತೂ ಬೇಡವೇ ಬೇಡ. ನೀರಿನ ಮಟ್ಟ, ಗಾಳಿ ಸರಿ ಇಲ್ಲದಾಗ ಗುಹೆ ಮುಚ್ಚಿರುವುದೂ ಉಂಟು. ಬೆಳಿಗ್ಗೆ ಆಟೋದವರನ್ನು ಕೇಳಿದರೆ ತೆರೆದಿದೆಯೋ ಇಲ್ಲವೋ ಹೇಳುತ್ತಾರೆ. ಅಮ್ಮನವರು ಹೊರಗೆ ಕೂತು ಕೈಮುಗಿಯಲಿ. ನೀರು ಮುಟ್ಟುವ ಆಸೆ ಇದ್ದರೆ ನಾನಕ್ ಝೀರಾಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಬಂಡೆಯಿಂದ ಬರುವ ನೀರನ್ನು ಬೊಗಸೆಯಲ್ಲಿ ಹಿಡಿಯಬಹುದು. 16ನೇ ಶತಮಾನದ ಮೊದಲಲ್ಲಿ ಗುರು ನಾನಕರು ಬಂದಾಗ ಇಲ್ಲಿನ ಬಾವಿಗಳಲ್ಲಿ ಕುಡಿಯುವ ನೀರಿರಲಿಲ್ಲವಂತೆ. ಅವರು ಕಾಲಿನಿಂದ ಕಲ್ಲು ಸರಿಸಿದಾಗ ಸಿಹಿ ನೀರು ಬಂತು ಎಂಬ ನಂಬಿಕೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾಕ್ಕೆ ಮೊದಲು ಆರಿಸಿದ ಐವರಲ್ಲಿ, ಅಂದರೆ ಪಂಚ ಪ್ಯಾರೆಗಳಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರ್‌ನವರೇ. ಅದಕ್ಕೇ ಪಂಜಾಬಿನಿಂದ ಇಷ್ಟು ಜನ ಬರುವುದು.

ಬಿದರಿ ವಿಷಯಕ್ಕೆ ಬರೋಣ. ಚೌಬಾರದ ಸುತ್ತಿನ ಗಲ್ಲಿಗಳಲ್ಲಿ ಅಂಗಡಿಗಳಿವೆ. ಹಲವರ ಅಂಗಡಿ ಹಿಂದೆಯೇ ಕಾರ್ಖಾನೆ. ಕೊಳ್ಳುವ ಮೊದಲು ಕೆಲಸ ನೋಡುತ್ತೇವೆ ಎನ್ನಿ, ಬೇಡ ಎನ್ನುವುದಿಲ್ಲ. ಲೋಹ ಮುಕ್ಕಾಲು ಪಾಲಿಗಿಂತ ಜಾಸ್ತಿ ಸತು, ಸ್ವಲ್ಪ ತಾಮ್ರ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಲ್ಲಿ ಉಜ್ಜಿ ನಯ ಮಾಡುತ್ತಾರೆ. ಗೆರೆ ಕಾಣಲಿ ಎಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಮೇಲೆ ಚಾಣದಲ್ಲಿ ಚಿತ್ರ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಅಥವಾ ತಗಡು ಇಟ್ಟು ಸುತ್ತಿಗೆಯಲ್ಲಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಜಾಗದ ಮಣ್ಣಿಗೆ ನವಸಾಗರ ಕೂಡಿಸಿ ಬಿಸಿ ಮಾಡಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಕಡೆಯ ಮಣ್ಣೇ ಆಗಬೇಕು. ಹಳಬರು ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಇದನ್ನು ಮಗನಿಗೆ ಮೊದಲೇ ಹೇಳಬೇಡಿ, ಅಲ್ಲೇ ನೋಡಲಿ. ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕೆಲಸಕ್ಕೇ 2023ರಲ್ಲಿ ಪದ್ಮಶ್ರೀ ಬಂತು.

ಗುರುತು ಹಿಡಿಯುವುದಕ್ಕೆ ಮೊದಲು ಕೈಯಲ್ಲಿ ಎತ್ತಿ ನೋಡಿ. ಎರಕದ ಸಾಮಾನು ಭಾರ ಇರುತ್ತದೆ. ಬೆಳ್ಳಿಯ ಮೇಲೆ ಉಗುರು ಆಡಿಸಿ. ನೆಲದ ಮಟ್ಟಕ್ಕೆ ಕೂತಿರಬೇಕು, ಅಂಚು ಎದ್ದಿರಬಾರದು. ಬಣ್ಣ ಬಳಿದ ಕಪ್ಪು ಹೊಳೆಯುತ್ತದೆ, ಮಣ್ಣಿನಲ್ಲಿ ಬಂದ ಕಪ್ಪಿಗೆ ಅಂಥ ಮಿಂಚು ಇರುವುದಿಲ್ಲ. ತಂತಿಯ ಕೆಲಸ, ತಗಡಿನ ಕೆಲಸ, ಬೆಳ್ಳಿ ಎಷ್ಟು, ಇದರ ಮೇಲೆ ಬೆಲೆ. ದೊಡ್ಡ ಹೂಜಿ ಕೊಳ್ಳಲು ಹೋಗಬೇಡಿ, ಸಣ್ಣ ಡಬ್ಬಿಯಲ್ಲೇ ಕೆಲಸದ ನಯ ಚೆನ್ನಾಗಿ ಕಾಣುತ್ತದೆ. ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಕೊರೆಯುತ್ತಾ ಕೂತವನ ಕಣ್ಣು ನೋಡಿದ ಮೇಲೆ ಎಷ್ಟು ಇಳಿಸಬೇಕು ಎನ್ನುವುದು ನಿಮಗೇ ತಿಳಿಯುತ್ತದೆ.

ಮನೆಗೆ ತಂದ ಮೇಲೆ ಪಾತ್ರೆ ತೊಳೆಯುವ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕಪ್ಪು ಹೋಗಿಬಿಡುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬರುವ ತಾರೀಖು ಗೊತ್ತಾದರೆ ಇಲ್ಲೇ ಬರೆಯಿರಿ. ರಂಗೀನ್ ಮಹಲಿನ ಕೀಲಿ ಅವತ್ತು ಯಾರ ಹತ್ತಿರ ಇರುತ್ತದೆ ಎಂದು ವಿಚಾರಿಸಿ ಹೇಳುತ್ತೇನೆ.